ಹುಲ್ಲು ಬೆಳೆದ ದೋಣಿಗಟ್ಟೆ

ನಾಗಸಂದ್ರ
17 ನವೆಂಬರ್ 2024

ಪ್ರೀತಿಯ ಸೀತಾ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಬೈಯುವುದಿದ್ದರೆ ಬೇಗೂರಿನಿಂದಲೇ ಬೈದುಬಿಡು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಸುಳ್ಳು ಹೇಳಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಚೀನೀ ಕವಿತೆಗಳ ಪುಸ್ತಕ ಅಂತೂ ಇಂತೂ ಪ್ರೆಸ್ಸಿಗೆ ಹೋಯಿತು. ಆದರೆ ದೋಣಿಗಟ್ಟೆಯ ಕವಿತೆಯನ್ನು ಕೆಡಿಸಿ ಕಳಿಸಿದೆ ಕಣೇ.

ಪೀಣ್ಯದ ಕಾರ್ಖಾನೆಯಲ್ಲಿ ಇಡೀ ದಿನ ಚೀನೀ ಯಂತ್ರಗಳ ಕೈಪಿಡಿಯನ್ನು ಕನ್ನಡಕ್ಕೆ ತಂದು, ಸಂಜೆ ಕ್ಯಾಂಟೀನಿನಲ್ಲಿ ಈ ಕವಿತೆಗಳ ಅನುವಾದಕ್ಕೆ ಕೂರುತ್ತಿದ್ದೆವಲ್ಲ! ಬೇಡದ ಪದವೊಂದನ್ನು ಹೊಡೆದುಹಾಕಿದವಳಿಗೆ ಇನ್ನೊಬ್ಬಳು ವಡೆ ಕೊಡಿಸಬೇಕು. ನೀನು ತಿಂದು ತಿಂದು ದಪ್ಪಗಾದೆ. "ಕೈಪಿಡೀಲಿ ಎಲ್ಲಾ ಹೇಳ್ಬೇಕು, ಕವಿತೇಲಿ ಬಾಯ್ಮುಚ್ಕೊಂಡಿರ್ಬೇಕು" ಎಂದು ನೀನೇ ಅನ್ನುತ್ತಿದ್ದೆ.

ಆ ಕವಿತೆಯಲ್ಲಿ ಇರುವುದಾದರೂ ಏನು? ಕಟ್ಟಿಹಾಕಿದ ದೋಣಿ, ಮೆಟ್ಟಿಲ ತುಂಬ ಹುಲ್ಲು, ತೊಳೆದಿಟ್ಟ ಎರಡು ಬಟ್ಟಲು. ಗೆಳೆಯ ಬರಲಿಲ್ಲ ಎಂದು ಎಲ್ಲೂ ಇಲ್ಲ. ಪ್ರಕಾಶಕ ದೇವರಾಜ್ ಓದಿ, "ಮೇಡಂ, ಫೀಲಿಂಗೇ ಇಲ್ವಲ್ಲ! ಹುಲ್ಲು ಬೆಳ್ದಿದ್ರೆ ಕಾರ್ಪೊರೇಷನ್‌ಗೆ ಫೋನ್ ಮಾಡ್ಬೇಕಾ?" ಅಂದರು. ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. "ಓದೋರು ತಾವೇ ಕಂಡ್ಕೋತಾರೆ ಕಣ್ರೀ" ಅಂದೆ.

"ಯಾರಿಗಿದೆ ಮೇಡಂ ಟೈಮು? 'ನೀನಿಲ್ಲದೆ ಎದೆ ಒಡೆಯಿತು' ಅಂತ ಒಂದ್ ಲೈನ್ ಸೇರ್ಸಿ. ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ" ಅಂದರು.

ಸೇರಿಸಿದೆ, ನನ್ನ ಕೈಯಾರೆ. ಈಗ ಅದು ಸಿನಿಮಾ ಹಾಡಿನ ಹಾಗಿದೆ. ಅದರ ಮೇಲೆ ನಿನ್ನ ಹೆಸರೂ ಇರುತ್ತದೆ, ಕ್ಷಮಿಸು. ಇನ್ನು ಮುಂದೆ ಯಾವ ಕವಿತೆಯನ್ನೂ ಮುಟ್ಟುವ ಮನಸ್ಸಿಲ್ಲ. ಕೈಪಿಡಿಗಳನ್ನು ಈಗ ಕಂಪ್ಯೂಟರೇ ಅನುವಾದಿಸುತ್ತದೆ, ಅದರ ತಪ್ಪು ತಿದ್ದುವುದಷ್ಟೇ ನನ್ನ ಕೆಲಸ.

ನಿನ್ನ ಮೊಮ್ಮಗಳು ಸುಕೃತಿಗೆ ನನ್ನ ಆಶೀರ್ವಾದ. ನೀನು ಗಂಜಿಯನ್ನಾದರೂ ಹೊತ್ತಿಗೆ ಸರಿಯಾಗಿ ಕುಡಿ, ಹಟ ಮಾಡಬೇಡ.

ನಿನ್ನ
ಶೈಲಜಾ

ಪುನಶ್ಚ: ನಿನ್ನ ಮಗನನ್ನು ಬೈಯಬೇಡ. "ಆಂಟಿಗೆ ಹೇಳ್ಬೇಡ ಅಂತ ಅಮ್ಮ ಆಣೆ ಹಾಕ್ಸ್ಕೊಂಡಿದ್ದಾರೆ" ಎಂದು ವಿಷ್ಣು ಮೆಟ್ರೋ ಸ್ಟೇಷನ್ನಿನಲ್ಲಿ ಅತ್ತುಬಿಟ್ಟ. ಸಂಕ್ರಾಂತಿ ದಾಟುವುದು ಕಷ್ಟ ಎಂದು ಡಾಕ್ಟರು ನಿನಗೆ ಹೇಳಿದ್ದು ನನಗೆ ಗೊತ್ತು. ಪುಸ್ತಕವನ್ನು ನಿನ್ನ ಕೈಯಲ್ಲಿಡಬೇಕೆಂದೇ ದೇವರಾಜ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ಇವತ್ತು ಅವರು ಫೋನ್ ಮಾಡಿದ್ದರು. ಪ್ರೆಸ್ಸಿನಲ್ಲಿ ಕೆಲಸ ಜಾಸ್ತಿಯಂತೆ, ಪುಸ್ತಕ ಯುಗಾದಿಗೆ ಬರುತ್ತದಂತೆ.