ಅರವತ್ತೆರಡರಲ್ಲಿ ನೂರು ಮೀಟರ್

ಪ್ಲೇನ್‌ಫೀಲ್ಡ್,
ಭಾನುವಾರ ಬೆಳಿಗ್ಗೆ

ನನ್ನ ಲತಾಶ್ರೀಗೆ,

ಜೂನ್‌ನಲ್ಲಿ ಒಂದು ಮಧ್ಯಾಹ್ನ ನಿನಗೆ ಫೋನ್ ಮಾಡಿದ್ದೆ, ನೆನಪಿದೆಯಾ? ನಿನ್ನ ಹಿಂದೆ ಮೊಮ್ಮಗಳು ಅಳುವುದು ಕೇಳಿಸುತ್ತಿತ್ತು. "ಏನೇ ಅಂಬುಜಾ, ಅರ್ಜೆಂಟಾ?" ಅಂತ ನೀನು ಕೇಳಿದೆ. "ಇಲ್ಲ ಕಣೇ, ಸುಮ್ನೆ ಮಾಡ್ದೆ" ಅಂದುಬಿಟ್ಟೆ ನಾನು. ಆಗ ನಾನಿದ್ದದ್ದು ಇಲ್ಲಲ್ಲ. ನಿನ್ನ ಮನೆಯಿಂದ ಅರ್ಧ ಗಂಟೆ ದೂರದಲ್ಲಿ, ಒಂದು ಮೈದಾನದ ಪಾರ್ಕಿಂಗ್ ಲಾಟ್‌ನಲ್ಲಿ, ಬಲಗಾಲು ಊರಲಾರದೆ ಕಾರಿನೊಳಗೆ ಕೂತಿದ್ದೆ.

ನನ್ನನ್ನು ಓಟಕ್ಕೆ ಎಳೆದವಳೇ ನೀನು. ನಮ್ಮನೆಯವರು ತೀರಿಕೊಂಡ ವರ್ಷ, ಮನೆಯಿಂದ ಹೊರಗೇ ಬಾರದ ನನ್ನನ್ನು ಹೈಸ್ಕೂಲ್ ಟ್ರ್ಯಾಕಿಗೆ ಕರೆದುಕೊಂಡು ಹೋಗಿ, "ವಾಕಿಂಗ್ ಎಲ್ರೂ ಮಾಡ್ತಾರೆ, ನಾವು ಓಡೋಣ. ಜೋರಾಗಿ!" ಅಂದಿದ್ದೆ. ಓಡುವಾಗ ಮಾತಿಗೆ ಉಸಿರೆಲ್ಲಿ? ನೂರು ಮೀಟರ್ ಮುಗಿಸಿ, ತಿರುಗಿ ನಡೆದು ಬರುವಾಗಲೇ ನಮ್ಮ ಮಾತೆಲ್ಲ. ಮಕ್ಕಳ ಸುದ್ದಿ, ನಿನ್ನ ಶುಗರ್, ಆಸ್ಪತ್ರೆಯಲ್ಲಿ ಅವರ ಕೊನೆಯ ವಾರ. ನಾನು ಬಾಯಿಬಿಟ್ಟು ಅತ್ತದ್ದೂ ಆ ನಡಿಗೆಯಲ್ಲೇ.

ಮಗಳ ಬಾಣಂತನಕ್ಕೆಂದು ಡೆಟ್ರಾಯಿಟ್ ಹತ್ತಿರದ ನೋವೈಗೆ ಹೋದ ನೀನು ಅಲ್ಲೇ ಉಳಿದೆ. ಮೆಲ್ಲಗೆ ನಮ್ಮ ಫೋನ್ ಮಾತೂ ನಿಂತುಹೋಯಿತು. ನಾನು ಓಟ ಬಿಡಲಿಲ್ಲ. ಆದರೆ ಈಗ ಓಡುವುದಕ್ಕಿಂತ ಮೈಯನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಒಂದು ದಿನ ಜೋರಾಗಿ ಓಡಿದರೆ ಆಮೇಲೆ ಎರಡು ಮೂರು ದಿನ ಕಂಬಿ ಹಿಡಿದೇ ಮೆಟ್ಟಿಲಿಳಿಯಬೇಕು. ಮನಸ್ಸು ಹೇಳಿದಷ್ಟು ಬೇಗ ಕಾಲು ಏಳುವುದಿಲ್ಲ. ಮ್ಯಾರಥಾನ್ ಓಡುವವರಿಗೆ ವಾಟ್ಸಾಪ್ ಗ್ರೂಪ್ ಇದೆ, ಓಟ ಮುಗಿದ ಮೇಲೆ ಎಲ್ಲರೂ ಸೇರಿ ಇಡ್ಲಿ ತಿನ್ನುತ್ತಾರೆ. ಈ ವಯಸ್ಸಿನಲ್ಲಿ ನೂರು ಮೀಟರ್ ಓಡುವ ಇನ್ನೊಬ್ಬ ಹೆಂಗಸು ನನಗೆ ಸಿಗಲಿಲ್ಲ. ಮಗ ಅಖಿಲ್‌ಗೆ ಹೇಳಿದರೆ, "ಅಮ್ಮಾ, ಜಸ್ಟ್ ಡೂ ಯೋಗ" ಅನ್ನುತ್ತಾನೆ.

ಡೆಟ್ರಾಯಿಟ್ ಕಡೆ ಹಿರಿಯರ ಕ್ರೀಡಾಕೂಟ ಇದೆ ಅಂತ ತಿಳಿದಾಗ ಹೆಸರು ಕೊಟ್ಟೆ. ಓಡಿ ಮುಗಿಸಿ, ಹೇಳದೆ ಕೇಳದೆ ನಿನ್ನ ಮನೆ ಬಾಗಿಲು ತಟ್ಟುವ ಆಸೆ. ನನ್ನ ವಯಸ್ಸಿನ ಹೆಂಗಸರು ಯಾರೂ ಇಲ್ಲವೆಂದು ಐವತ್ತರವರ ಜೊತೆ ನಿಲ್ಲಿಸಿದರು. ಮಂಡಿಯೂರಿ, ಓಟ ಶುರುಮಾಡುವ ಗೆರೆಯ ಬ್ಲಾಕಿಗೆ ಪಾದ ಕೊಡುವಾಗಲೇ, ಇಲ್ಲಿಂದ ಏಳುವುದು ಹೇಗಪ್ಪಾ ಅನ್ನಿಸಿತು. ಗನ್ ಸದ್ದಿಗೆ ಎದ್ದೆ. ಮೊದಲರ್ಧ ಎಷ್ಟು ಚೆನ್ನಾಗಿತ್ತು ಗೊತ್ತಾ! ಕಿವಿಯಲ್ಲಿ ಬರೀ ಗಾಳಿ. ಆಮೇಲೆ ಬಲತೊಡೆಯ ಹಿಂದೆ ಯಾರೋ ಕಲ್ಲು ಬೀಸಿ ಹೊಡೆದಂತಾಯಿತು. ಉಳಿದವರು ನೀರು ಕುಡಿಯುತ್ತಿದ್ದಾಗ ನಾನು ಕುಂಟುತ್ತಾ ಗೆರೆ ದಾಟಿದೆ. ಚಪ್ಪಾಳೆ ತಟ್ಟಿದರು. ಅವರಲ್ಲಿ ನನ್ನ ಹೆಸರು ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಆಮೇಲೆ ಮಾಡಿದ್ದೇ ಆ ಫೋನ್. ಬಾ ಅಂದಿದ್ದರೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬರುತ್ತಿದ್ದೆ ನೀನು. ಆದರೆ ಇಷ್ಟು ತಿಂಗಳ ಮೇಲೆ ಮೊದಲ ಮಾತೇ ಸಹಾಯ ಬೇಡುವುದಾಗಿರಬಾರದು ಅನ್ನಿಸಿ ಬಾಯಿ ಬರಲಿಲ್ಲ. ಕಾರನ್ನು ಅಲ್ಲೇ ಬಿಟ್ಟು ಟ್ಯಾಕ್ಸಿಯಲ್ಲಿ ಹೋಗಿ, ಬ್ರೇಕ್ ಒತ್ತುವಷ್ಟು ಕಾಲಿಗೆ ಬಲ ಬರುವವರೆಗೆ ಹೋಟೆಲ್ ರೂಮಿನಲ್ಲಿ ಐಸ್ ಇಟ್ಟುಕೊಂಡು ಮಲಗಿದ್ದೆ. ಪಕ್ಕದ ರೂಮಿನವರ ಟೀವಿ ಕೇಳಿಸುತ್ತಿತ್ತು. ಯಾರಾದರೂ ಮಾತಾಡುತ್ತಿದ್ದಾರಲ್ಲ ಎಂದು ಅದನ್ನೇ ಕೇಳುತ್ತಿದ್ದೆ.

"ಆಂಟಿ, ಇನ್ಮೇಲೆ ವಾಕಿಂಗ್ ಸಾಕಲ್ವಾ?" ಅಂದಳು ಫಿಸಿಯೋಥೆರಪಿ ಮಾಡುವ ದೀಪ್ತಿ. "ಸಾಕಾಗಲ್ಲಮ್ಮ" ಅಂದೆ. ಅವಳು ಹೇಳಿಕೊಟ್ಟದ್ದನ್ನೆಲ್ಲ ಬೇಸಿಗೆಯುದ್ದಕ್ಕೂ ಮಾಡಿದೆ. ನಿನ್ನೆ ಮತ್ತೆ ಓಡಿದೆ ಲತಾ, ಮುಕ್ಕಾಲು ವೇಗದಲ್ಲಿ. ಎಲ್ಲೂ ಹಿಡಿಯಲಿಲ್ಲ! ಖುಷಿಯಿಂದ ಪಕ್ಕಕ್ಕೆ ತಿರುಗಿದೆ, ಹೇಳಲು ಯಾರೂ ಇರಲಿಲ್ಲ.

ಈ ವಾರ ಬಿಟ್ಟು ಮುಂದಿನ ಶನಿವಾರ ನೋವೈಗೆ ಬರುತ್ತೇನೆ. ನೀನು ಬಿಡುವು ಮಾಡಿಕೊಳ್ಳಬೇಡ, ಏನೂ ವಿಶೇಷ ಮಾಡಬೇಡ. ಅಡುಗೆಮನೆಯಲ್ಲಿ ಒಂದು ಸ್ಟೂಲ್ ಇಟ್ಟಿರು, ನೀನು ಕೆಲಸ ಮಾಡುತ್ತಿದ್ದರೆ ನಾನು ಕೂತಿರುತ್ತೇನೆ. ಬರಬೇಡ ಅನ್ನುವುದಾದರೆ ಮಾತ್ರ ಫೋನ್ ಮಾಡು.

ನಿನ್ನ ಮಂಡಿಗಳು ಗಟ್ಟಿಯಾಗಿರಲಿ, ಮನೆ ತಣ್ಣಗಿರಲಿ.

ನಿನ್ನವಳೇ ಆದ
ಅಂಬುಜಾ