ಟೋರ್ಕೆಲ್ ಹೇಳಿದ ಸಾಕ್ಷಿ

೧೮೭೮ ಅಕ್ಟೋಬರ್ ೧೪, ಸೋಮವಾರ. ಮಿನೆಸೋಟ.

ಪಕ್ಕದ ಹೊಲದ ಟೋರ್ಕೆಲ್ ಇವತ್ತು ಕೋರ್ಟಿಗೆ ಯಾಕೆ ಬಂದ? ಅವನ ಹಂದಿ ನನ್ನ ಆಲೂಗಡ್ಡೆ ಹೊಲಕ್ಕೆ ನುಗ್ಗಿ ಜಗಳವಾದ ಮೇಲೆ ನಾಲ್ಕು ವರ್ಷ ಮಾತಿಲ್ಲ. ನನ್ನ ಎರಡನೇ ಸಾಕ್ಷಿ ಜ್ವರವೆಂದು ಬರಲಿಲ್ಲ. ಇಬ್ಬರು ಸಾಕ್ಷಿಗಳಿಲ್ಲದೆ ಪೌರತ್ವವಿಲ್ಲ, ಪೌರತ್ವವಿಲ್ಲದೆ ಹೊಲದ ಪಟ್ಟಾ ಇಲ್ಲ. ಆಗ ಇವನೇ ಎದ್ದು ನಿಂತ.

"ಇವನ ನಡತೆ ಹೇಗೆ?" ಎಂದರು ಜಡ್ಜ್.

"ಬಾಯಿ ಕೆಟ್ಟದ್ದು ಸ್ವಾಮಿ. ಮನುಷ್ಯ ಒಳ್ಳೇವ್ನು."

ಬೈಬಲ್ ಮುಟ್ಟಿ ಹೇಳಿದ! ನಾನು ಬಿಟ್ಟು ಬಂದ ದೇಶದ ಹಳೇ ರಾಜನನ್ನು ತೊರೆದೆನೆಂದು ಪ್ರಮಾಣ ಮಾಡಿದೆ, ಪೌರತ್ವದ ಕಾಗದ ಸಿಕ್ಕಿತು.

ದಾರಿಯಲ್ಲಿ ಹಿಡಿದು ಕೇಳಿದೆ: "ಏನೋ ಬೇಕು ನಿಂಗೆ?"

"ಏನೂ ಬೇಡ ಮಾರಾಯ. ನನ್ನ ಹಂದಿಗೆ ಗುಂಡು ಹೊಡ್ದೋನು ಯಾರು ಅಂತ ಜಡ್ಜ್ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಅಂದರೆ ಹೊಡೆದದ್ದು ನಾನೇ ಎಂದು ಅವನಿಗೆ ಮೊದಲಿಂದಲೂ ಗೊತ್ತಿತ್ತು.

ನಮ್ಮ ಹಂದಿ ಮರಿ ಹಾಕಿದೆ. ಒಂದನ್ನು ಒಯ್ದು ಕೊಟ್ಟರೆ ಅವನೂ ನನ್ನ ಹಾಗೆಯೇ, ಏನೋ ಬೇಕು ನಿಂಗೆ ಎಂದು ಕೇಳಿಯಾನು.