ಕೂಲೆಂಟ್ ನಿಂತ ದಿನ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕೈ ಹೇಗಿದೆ? ಬೆರಳ ಸಂದಿಯ ಬಿರುಕು ಮಾಯಿತೋ, ಇಲ್ಲ ಈಗಲೂ ಸೋಪು ಮುಟ್ಟಿದರೆ ಉರಿಯುತ್ತದೆಯೋ? ಕಾರ್ಖಾನೆಯ ಮೆಷಿನ್ ತಣಿಸುವ ಆ ಕೂಲೆಂಟ್ ನೀರು ಬಿಡದೆ ಇದು ವಾಸಿಯಾಗದು ಎಂದು ಡಾಕ್ಟರು ಹೇಳಿದ್ದು ಚಿಕ್ಕಮ್ಮನ ಮನೆಗೆ ಹೋಗಿ ಪಾತ್ರೆ ತಿಕ್ಕಲಿಕ್ಕಲ್ಲ. ಸುಮ್ಮನೆ ದಾಕ್ಷಿಣ್ಯಕ್ಕೆ ಬೀಳಬೇಡ. ಅಮ್ಮ ಚೆನ್ನಾಗಿದ್ದಾಳೆ. ಬೈಯಲು ನಾನೊಬ್ಬಳೇ ಸಿಕ್ಕಿರುವುದರಿಂದ ನಿನ್ನ ಪಾಲೂ ನನಗೇ ಬರುತ್ತಿದೆ, ಅಷ್ಟೆ.

ನೀನು ಬಿಟ್ಟುಹೋದ ಮಿಲ್ಲಿಂಗ್ ಮೆಷಿನ್ ಈಗ ನನ್ನ ಕೊರಳಿಗೆ ಬಿದ್ದಿದೆ. ಬಂದ ಕೆಲಸವೂ ಅಂಥದ್ದೇ: ಅಚ್ಚು ಮಾಡುವ ಗಟ್ಟಿ ಮಿಶ್ರಲೋಹದ ದಿಮ್ಮಿಗಳು, ಅಪ್ಪಟ ಕಬ್ಬಿಣದ ಕಡಲೆ. ಒಂದು ಮೈ ಹೆರೆದು ಸಮ ಮಾಡುವಷ್ಟರಲ್ಲಿ ತಿರುಗುವ ಕಟರಿನ ಅಂಚಿಗೆ ಕೂರಿಸಿದ ಟಿಪ್ಪುಗಳೆಲ್ಲ ಚೂರುಚೂರು. ಫೋರ್‌ಮನ್ ಮಾಮ ಬಂದು, "ಕೂಲೆಂಟ್ ಸಾಲ್ತಿಲ್ಲ ಕಣಮ್ಮಾ, ಇನ್ನೂ ಜೋರಾಗಿ ಬಿಡು" ಎನ್ನುವುದು, ನಾನು ನಲ್ಲಿ ತಿರುಗಿಸುವುದು, ಟಿಪ್ಪು ಇನ್ನೂ ಬೇಗ ಮುರಿಯುವುದು. ಆ ಹಾಲಿನಂಥ ನೀರು ತೋಳಿನವರೆಗೂ ಎರಚುತ್ತಿತ್ತು. ಇದರಲ್ಲಿ ನೀನು ವರ್ಷಗಟ್ಟಲೆ ಹೇಗೆ ಕೈ ಅದ್ದಿಕೊಂಡಿದ್ದೆಯೋ!

ಗುರುವಾರ ಪಂಪಿಗೆ ಲೋಹದ ಚೂರು ಸಿಕ್ಕಿಕೊಂಡು ಕೂಲೆಂಟ್ ನಿಂತೇಹೋಯಿತು. ಸಂಜೆಯೊಳಗೆ ದಿಮ್ಮಿ ಕಳಿಸಲೇಬೇಕು. "ಹೇಗೂ ಹಾಳಾಗೋ ಟಿಪ್ಪು, ಒಣದಾಗೇ ಓಡಿಸಿಬಿಡ್ಲಾ ಮಾಮ?" ಎಂದೆ. ಅವರು ತಲೆ ಕೆರೆದುಕೊಂಡು, ಚೂರು ಹಾರಿಸಲು ಗಾಳಿಯ ಪೈಪು ಕಟ್ಟಿಕೊಟ್ಟರು. ಚೂರುಗಳು ಕಾದು ನೀಲಿಗಟ್ಟಿ ಹಾರಿದಾಗ ಟಿಪ್ಪುಗಳ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಮೈ ಪೂರ್ತಿ ಮುಗಿದರೂ ಟಿಪ್ಪುಗಳು ಗಟ್ಟಿಮುಟ್ಟು! ಮಾಮ ಹಿಂದೆ ಮುರಿದಿದ್ದ ಟಿಪ್ಪುಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ಅಂಚಿನುದ್ದಕ್ಕೂ ಬಾಚಣಿಗೆ ಹಲ್ಲಿನಂಥ ಸೀಳುಗಳು. ಕಟರು ತಿರುಗುವಾಗ ಟಿಪ್ಪು ಲೋಹ ಕಚ್ಚಿ ಕಾಯುತ್ತದೆ, ಬಿಟ್ಟೊಡನೆ ಕೂಲೆಂಟ್ ಬಿದ್ದು ಥಟ್ಟನೆ ತಣಿಯುತ್ತದೆ. ಕಾದ ಗಾಜಿಗೆ ನೀರು ಹಾಕಿದ ಹಾಗೆ. "ತಣ್ಣೀರು ಹುಯ್ದು ಹುಯ್ದು ನಾವೇ ಒಡೆದಿದ್ದೀವಲ್ಲೇ!" ಎಂದು ಮಾಮ ಹಣೆ ಚಚ್ಚಿಕೊಂಡು ನಕ್ಕರು. ಪಂಪು ರಿಪೇರಿಯಾದ ಮೇಲೆ ಎರಡೂ ರೀತಿ ಓಡಿಸಿ ನೋಡಿದೆವು. ಒಣ ಕಟರೇ ಗೆದ್ದಿತು. ಡ್ರಿಲ್ಲಿಂಗಿಗಾದರೆ ಕೂಲೆಂಟ್ ಬೇಕೇ ಬೇಕು, ಅದು ಪಕ್ಕದ ಮೆಷಿನ್ನಿನವರ ಪಾಡು.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ. ಮಲಗುವ ಮುಂಚೆ ಮುಲಾಮು ಹಚ್ಚಿಕೋ ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದಾಳೆ.

ನಿನ್ನ
ಬಾಲಂಗೋಚಿ

ಮರೆತಿದ್ದೆ (ಸುಳ್ಳು, ಕೊನೆಗೆಂದೇ ಇಟ್ಟುಕೊಂಡಿದ್ದೆ): ಆ ಮೆಷಿನ್ನಿಗೆ ಇನ್ನು ಕೂಲೆಂಟ್ ಬೇಡ ಎಂದು ಯಜಮಾನರು ನಿನ್ನೆ ಒಪ್ಪಿದರು. "ಹಾಗಾದ್ರೆ ನಿಮ್ಮಕ್ಕ ವಾಪಸ್ ಬರಬಹುದಲ್ಲ, ಕೇಳಿ ನೋಡಮ್ಮ" ಎಂದರು. ನಾನು ಕೇಳುತ್ತಿಲ್ಲ, ಕರೆಯುತ್ತಿದ್ದೇನೆ. ಡಾಕ್ಟರು ಹೂಂ ಎಂದ ದಿನವೇ ಹೊರಟು ಬಾ.